ಹೂವಿನ ದಿನ ನನ್ನ ಮಾವನನ್ನು ಬಿಟ್ಟುಕೊಡಿ

ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರೇ, ನೀವು ಅಪರಾಧಿಗಳು! ನನ್ನ ಸೋದರಮಾವನನ್ನು ಹಾಳು ಮಾಡಿದವರು ನೀವೇ. ಕಂಪನಿ ಎಸ್ಟೇಟಿನ ಮ್ಯಾನೇಜರ್ ಹುದ್ದೆಗೆ ರಾಜೀನಾಮೆ ಕೊಟ್ಟು, ‘ಇನ್ನು ನನಗೆ ನಾನೇ ಯಜಮಾನ. ಕೇಳಿದವರಿಗೆ ತೋಟದ ಸಲಹೆ ಕೊಡುತ್ತೇನೆ, ಸಂಜೆ ಐದಕ್ಕೆ ಮನೆಯಲ್ಲಿರುತ್ತೇನೆ’ ಎಂದು ಅವರು ಘೋಷಿಸಿದಾಗ, ತಲೆ ಕೆಟ್ಟಿದೆಯೆಂದು ಊರೆಲ್ಲ ಆಡಿಕೊಂಡಿತು. ನಾನು ಇದನ್ನು ಖಂಡಿಸುತ್ತೇನೆ. ಅವರ ತಲೆ ಅದಕ್ಕೂ ಬಹಳ ಮೊದಲೇ ಕೆಟ್ಟಿತ್ತು!

ಬಂಗಲೆ, ಜೀಪು, ಅಡುಗೆಯವನು ಎಲ್ಲವನ್ನೂ ಬಿಟ್ಟು ಬಂದದ್ದೇಕೆ? ಕಾರಣ ನನ್ನ ಅತ್ತೆ. ಪ್ರತಿ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು, ವಾರ ಕಳೆದು, ತೋಟವೆಲ್ಲ ಬೆಳ್ಳಗಾಗುತ್ತಲೇ ಕಂಪನಿಯ ಹಿರಿಯರು ಮದ್ರಾಸಿನಿಂದ ಸಪತ್ನೀಕರಾಗಿ ಬಂದಿಳಿಯುತ್ತಿದ್ದರು. ಆ ಪತ್ನಿಯರಿಗೆ ಹೂ ತೋರಿಸುತ್ತ ಮಾವ ತೋಟ ಸುತ್ತಬೇಕು. ಅಷ್ಟೂ ಜನರ ಊಟದ ಏರ್ಪಾಟಿಗೆ ಅತ್ತೆ ಬಂಗಲೆಯಲ್ಲಿ ನಿಲ್ಲಬೇಕು. ಅತಿಥಿಗಳು ಹೊರಡುವ ಹೊತ್ತಿಗೆ ಹೂ ಕಂದಿರುತ್ತಿತ್ತು. ಮದುವೆಯಾದಂದಿನಿಂದ ಅತ್ತೆಯ ಆಸೆ ಒಂದೇ: ಹೂವಿನ ದಿನ ಗಂಡನ ಜೊತೆ ತೋಟದಲ್ಲಿ ಒಂದು ಸುತ್ತು ಹಾಕಬೇಕು. ಅದನ್ನು ನಡೆಸಿಕೊಡಲೆಂದೇ ಮಾವ ಕೆಲಸ ಬಿಟ್ಟರು. ಅಜ್ಜನಿಂದ ಬಂದ ಪುಟ್ಟ ತೋಟದಲ್ಲಿ ನೆಲೆಸಿದರು.

ಆದರೆ ಕೆಲಸ ಬಿಟ್ಟ ಮಾತ್ರಕ್ಕೆ ಕಂಪನಿ ಮೈಯಿಂದ ಇಳಿಯುತ್ತದೆಯೇ? ಆಳುಗಳಿಗೆ ಕೆಲಸ ಹಂಚುವ ಬೆಳಗಿನ ಮಸ್ಟರನ್ನು ಮಾವ ನಮ್ಮ ಅಂಗಳದಲ್ಲೇ ಮುಂದುವರಿಸಿದರು. ಖಾಕಿ ಚಡ್ಡಿ, ಬೂಟು, ಕೈಯಲ್ಲಿ ಬೆತ್ತ! ಹಾಜರಾತಿಗೆ ಅತ್ತೆ, ನಾಯಿ ಮತ್ತು ರಜೆಗೆ ಬಂದಿದ್ದ ನಾನು.

“ಇವತ್ತಿನ ಕೆಲಸ ದೋಸೆ. ತಡ ಆಗ್ಬಾರ್ದು,” ಎಂದು ಅಪ್ಪಣೆಯಾಯಿತು.

“ಮೇಸ್ತ್ರಿ ಇಲ್ದೆ ದೋಸೆ ಏಳಲ್ಲ. ಬನ್ನಿ, ಒಲೆ ಮುಂದೆ ನೀವೇ ನಿಂತ್ಕೊಳ್ಳಿ!” ಎಂದರು ಅತ್ತೆ.

ಅಂದಿನಿಂದ ಮಸ್ಟರಿಗೆ ನಾಯಿಯೊಂದೇ ಬರುತ್ತದೆ.

ಚಿಕ್ಕಮಗಳೂರಿಗೆ ಸಿನಿಮಾ ನೋಡಲು ಹೋಗೋಣವೆಂದು ಒಮ್ಮೆ ನಾನು ಕರೆದೆ. ಮಾವ ಗಂಭೀರರಾದರು. “ರಜೆ ಸಿಗೋದು ಕಷ್ಟ.”

“ಈಗ ನಿಮಗೆ ರಜೆ ಕೊಡೋರು ಯಾರು ಮಾವ?”

“ನಾನೇ. ಅದೇ ತೊಂದ್ರೆ ನೋಡು. ಆ ಮನುಷ್ಯ ಬಹಳ ಸ್ಟ್ರಿಕ್ಟು!”

ಇಷ್ಟನ್ನು ನಾವು ಹೇಗೋ ಸಹಿಸುತ್ತಿದ್ದೆವು. ಅಷ್ಟರಲ್ಲಿ ನೀವು ಬಂದಿರಿ. ಸಲಹೆಗೂ ಬಾಗಿಲು ಹಾಕುವ ಹೊತ್ತೊಂದು ಇರುತ್ತದೆಂಬ ಕಲ್ಪನೆಯೇ ನಮ್ಮ ಗುಡ್ಡಗಳಲ್ಲಿಲ್ಲ. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ರೂಢಿಯೂ ಇಲ್ಲ. “ಹೀಗೇ ಈ ಕಡೆ ಹೋಗ್ತಾ ಇದ್ದೆ ಮಾರಾಯ್ರೆ,” ಎನ್ನುತ್ತ ಊಟದ ಹೊತ್ತಿಗೇ ಜೀಪು ನಿಲ್ಲಿಸುವಿರಿ. ಕಳಸದಿಂದ ನಮ್ಮ ಅಡುಗೆಮನೆಯವರೆಗೆ ‘ಹೀಗೇ’ ಹೋಗುವ ರಸ್ತೆ ಯಾವುದು, ಸ್ವಾಮಿ?

ಹೊರನಾಡಿನಲ್ಲಿ ನಡೆದ ನನ್ನ ಅಕ್ಕನ ಮದುವೆಯನ್ನಾದರೂ ಬಿಟ್ಟಿರಾ? ಹೋಳಿಗೆ ಬಡಿಸುತ್ತಿದ್ದಾಗ ನಿಮ್ಮಲ್ಲೊಬ್ಬರು ಶಲ್ಯದೊಳಗಿನಿಂದ ಕಾಫಿ ಗಿಡದ ತುಂಡೊಂದನ್ನು ತೆಗೆದು ಮಾವನ ಮುಂದೆ ಹಿಡಿದರು. ಅದರೊಳಗಿನಿಂದ ಕೊರಕ ಹುಳುವೊಂದು ಸಾವಕಾಶವಾಗಿ ಹೊರಟು ಪಕ್ಕದ ಬೀಗರ ಎಲೆಗೆ ಇಳಿಯಿತು. ಬೀಗರು ಕಿರುಚಿದರು. ಮಾವ ಅವರಿಗಿಂತ ಜೋರಾಗಿ ಕೂಗಿದರು: “ಅಲುಗಾಡ್ಬೇಡಿ! ಹೋಳಿಗೆ ಮುಟ್ಬೇಡಿ! ಹುಳ ನೋಡ್ಬೇಕು!” ಬೀಗರು ಇಂದಿಗೂ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೆ ಮೊದಲು ಎಲೆಯನ್ನು ಮಗುಚಿ ನೋಡುತ್ತಾರೆ.

ಹೋಗಲಿ, ಪಡೆದ ಸಲಹೆಯನ್ನು ಪಾಲಿಸುತ್ತೀರಾ? ನೆರಳಿನ ಮರಗಳನ್ನು ಕಡಿಯಬೇಡಿರೆಂದು ಮಾವ ಗಂಟಲು ಹರಿದುಕೊಂಡ ಮೇಲೆ ಒಬ್ಬ ಸಾಹುಕಾರರು ತಲೆದೂಗಿ ಹೇಳಿದ್ದಿಷ್ಟು: “ನೀವು ಹೇಳೋದು ಸರಿ. ನಮ್ಮಪ್ಪನೂ ಇದನ್ನೇ ಹೇಳ್ತಿದ್ರು. ಅವ್ರ ಮಾತೂ ನಾನು ಕೇಳ್ಲಿಲ್ಲ!”

ಈಗ ಮುಖ್ಯ ಆರೋಪಕ್ಕೆ ಬರುತ್ತೇನೆ. ಕಳೆದ ವರ್ಷ ಹೂ ಅರಳಿದ ಬೆಳಿಗ್ಗೆ ಅತ್ತೆ ನೀಲಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಜಗಲಿಗೆ ಬಂದರು. ಮಾವ ಆಗಲೇ ಚಪ್ಪಲಿ ಮೆಟ್ಟಿದ್ದರು. ಬಂತು ನಿಮ್ಮ ಮೊದಲ ಜೀಪು! “ಅರ್ಧ ಗಂಟೆ ಅಷ್ಟೇ, ನಮ್ಮ ಹೂ ಒಂದ್ಸಲ ನೋಡ್ಬಿಡಿ,” ಎಂದು ಮಾವನನ್ನು ಹತ್ತಿಸಿಕೊಂಡು ಹೋಯಿತು. ಆ ತೋಟದಿಂದ ಇನ್ನೊಬ್ಬರು, ಅಲ್ಲಿಂದ ಮತ್ತೊಬ್ಬರು ಎಂಬಂತೆ ನೀವು ಅವರನ್ನು ಸಾಗಿಸಿದಿರಿ. ಮನೆಗೆ ಹುಡುಕಿ ಬಂದವರಿಗೆಲ್ಲ ಅತ್ತೆ ಅದೇ ಸೀರೆಯಲ್ಲಿ ಕಾಫಿ ಕೊಡುತ್ತಲೇ ಇದ್ದರು.

ಮಾವ ಮರಳಿದಾಗ ಮಬ್ಬು ಕವಿದಿತ್ತು. ಕಾಫಿ ತೋಟದಲ್ಲಿ ಯಾರೂ ಹೂ ಕೀಳುವುದಿಲ್ಲ. ಪ್ರತಿ ಹೂವೂ ನಾಳಿನ ಹಣ್ಣು. ಆದರೆ ಅಂದು ಮಾವನ ಕೈಯಲ್ಲಿ ನಮ್ಮದೇ ಗಿಡದ ಹೂ ತುಂಬಿದ ಕೊಂಬೆಯಿತ್ತು.

“ಅಯ್ಯೋ, ಇಷ್ಟು ಹಣ್ಣು ಹಾಳು ಮಾಡಿದ್ರಲ್ಲ!” ಎಂದರು ಅತ್ತೆ.

“ಬೈಬೇಡ ಮಾರಾಯ್ತಿ. ನಿನ್ನನ್ನ ಹೂವಿನ ಹತ್ರ ಕರ್ಕೊಂಡು ಹೋಗಕ್ಕಾಗ್ಲಿಲ್ಲ. ಇದಾದ್ರೂ ನಿನ್ನ ಹತ್ರ ಬರ್ಲಿ ಅಂತ…”

ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲೇ ಕುಳಿತರು. ಮಾವ ಪಕ್ಕದಲ್ಲಿ ಕುಳಿತರು.

ಈ ವರ್ಷದ ಹೂಮಳೆ ಮೊನ್ನೆ ಬಿದ್ದಿದೆ. ಮೊಗ್ಗುಗಳು ಬಿಳಿಯಾಗುತ್ತಿವೆ. ಆದ್ದರಿಂದ, ಮಾನ್ಯ ಬೆಳೆಗಾರರೇ, ಹೂ ಅರಳಿದ ದಿನ ನಿಮ್ಮ ಜೀಪುಗಳನ್ನು ನಿಮ್ಮ ಅಂಗಳದಲ್ಲೇ ನಿಲ್ಲಿಸಬೇಕೆಂದೂ, ಹಾಗೆ ಮಾಡಲು ಒಪ್ಪಿಗೆಯಿದೆಯೇ ಇಲ್ಲವೇ ಎಂಬುದನ್ನು ಈ ವಾರದೊಳಗೆ ತಿಳಿಸಬೇಕೆಂದೂ ವಿನಂತಿಸುತ್ತೇನೆ. ಅಂದು ಹೊತ್ತು ಹೋಗದಿದ್ದರೆ, ಅಡುಗೆಮನೆಯಲ್ಲಿರುವ ನಿಮ್ಮ ಮನೆಯವರನ್ನು ಕರೆದುಕೊಂಡು ನಿಮ್ಮ ತೋಟದಲ್ಲೂ ಒಂದು ಸುತ್ತು ಹಾಕಿ ಬನ್ನಿ.