ಭಗಂದರವೂ ಬೀಗತನವೂ

ಕೆಲವು ಕಾಯಿಲೆಗಳಿಗೆ ಸಮಾಜದಲ್ಲಿ ಒಳ್ಳೆಯ ಸ್ಥಾನಮಾನವಿದೆ. ನಮ್ಮ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲದವನನ್ನು ಯಾರೂ ದೊಡ್ಡ ವ್ಯಾಪಾರಿಯೆಂದು ಎಣಿಸುವುದಿಲ್ಲ. ಬಿ.ಪಿ. ಮಾತ್ರೆಯನ್ನು ನಾವು ನಾಲ್ಕು ಜನರ ಎದುರಿಗೇ ನುಂಗುತ್ತೇವೆ. ಮಂಡಿ ನೋವಿನವರಂತೂ ಕೇಳದಿದ್ದರೂ ಪಂಚೆ ಎತ್ತಿ ತೋರಿಸುತ್ತಾರೆ. ನನಗೆ ಬಂದ ಕಾಯಿಲೆ ಮಾತ್ರ ಹೇಳುವಂಥದ್ದಲ್ಲ, ತೋರಿಸುವಂಥದ್ದಂತೂ ಅಲ್ಲವೇ ಅಲ್ಲ.

ಕೂರುವ ಜಾಗದಲ್ಲಿ ಒಂದು ಕುರು ಎದ್ದಿತು. ಜೀವ ತಿಂದು ಒಡೆಯಿತು, ಹಾಯೆನಿಸಿತು. ಮುಗಿಯಿತೆಂದುಕೊಂಡರೆ ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಹಾಜರು. ಮತ್ತೆ ನೋವು, ಮತ್ತೆ ಕೀವು, ಮತ್ತೆ ಹಾಯ್. ಇದು ಮೂಲವ್ಯಾಧಿಯೇ ಎಂದು ನಾನೇ ತೀರ್ಪು ಕೊಟ್ಟುಕೊಂಡು ಔಷಧಿ ಅಂಗಡಿಗೆ ಹೋದೆ. ಹೆಂಗಸರೆಲ್ಲ ಹೋಗುವವರೆಗೂ ಕಾದು, ಅಂಗಡಿಯವನ ಕಿವಿಯಲ್ಲಿ ಪಿಸುಗುಟ್ಟಿದೆ. ಅವನು ಒಳಗಿದ್ದ ತಮ್ಮನಿಗೆ, "ಲೇ, ಸಾವ್ಕಾರ್ರಿಗೆ ಪೈಲ್ಸ್ ಮುಲಾಮು ತಗೊಂಡ್ ಬಾರಲೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಮುಲಾಮು ಸವರಿದ್ದೇ ಬಂತು, ಗುಣವಾಗಲಿಲ್ಲ.

ಬೇರೆ ಊರಿನಲ್ಲಾಗಿದ್ದರೆ ನಿಂತುಕೊಂಡೇ ಹೇಗೋ ಕಾಲ ಕಳೆಯಬಹುದಿತ್ತೇನೋ. ನಮ್ಮಲ್ಲಿ ವ್ಯಾಪಾರವೆಲ್ಲ ಗಾದಿಯ ಮೇಲೆ. ದರ ಒಪ್ಪಿಗೆಯಿದ್ದವನು ಕೂರುತ್ತಾನೆ, ಒಪ್ಪದವನು ಚಪ್ಪಲಿ ಹತ್ತಿರ ನಿಂತೇ ಮಾತಾಡುತ್ತಾನೆ. ಈ ಪದ್ಧತಿ ಹೆಣ್ಣು ಗಂಡಿನ ಮಾತುಕತೆಗೂ ಹಬ್ಬಿದೆಯೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ನಮ್ಮ ಮಗಳು ಗೀತಾಳಿಗೆ ಬಂದ ಸಂಬಂಧ ನೋಡಲು ಆಸ್ಪರಿಯ ಬಸಪ್ಪನವರ ಮನೆಗೆ ಹೋದ ದಿನ ನಾನು ಕೂರಲಿಲ್ಲ. ಜೀಪಿನ ಪ್ರಯಾಣದಲ್ಲೇ ಕುರು ಸಿಡಿಯುವಂತಾಗಿತ್ತು.

ಬಸಪ್ಪನವರು ಹೊಸ ಗಾದಿ ಹಾಸಿ ಒರಗಲು ಲೋಡು ಇಟ್ಟಿದ್ದರು. "ಕುಂದರ್ರಿ ಸಾವ್ಕಾರ್ರ," ಎಂದರು. "ಇರ್ಲಿ ಬಿಡ್ರಿ, ಗಾಳಿ ಚಲೋ ಐತಿ," ಎಂದು ಬಾಗಿಲಲ್ಲೇ ನಿಂತೆ. ಉಪ್ಪಿಟ್ಟು ನಿಂತು ತಿಂದೆ. ಚಹಾ ನಿಂತು ಕುಡಿದೆ. ಮನೆ ನೋಡುವ ನೆಪದಲ್ಲಿ ದನದ ಕೊಟ್ಟಿಗೆಯವರೆಗೂ ಸುತ್ತಾಡಿದೆ. ಹುಡುಗ ಮಾತ್ರ ಚಿನ್ನದಂಥವನು. ಗೀತಾ ಆಗಲೇ ಅವನೊಂದಿಗೆ ಫೋನಿನಲ್ಲಿ ಮಾತಾಡಿ, ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು.

ಮೂರನೆಯ ದಿನ ಸಂಬಂಧ ಹೇಳಿದ್ದ ನನ್ನ ಹೆಂಡತಿಯ ತಮ್ಮ ವೀರೇಶ ಬಂದ. "ಏನ್ ಮಾಡಿ ಬಂದೀರಿ ಮಾವ? ಅವ್ರು ಬ್ಯಾರೆ ಕಡಿ ನೋಡಾಕ ಹತ್ಯಾರ. ಸಾವ್ಕಾರ್ರಿಗೆ ನಮ್ ಮನಿ ಹಿಡಿಸಿಲ್ಲ, ಕಾಲ ಸೈತ ಮಡಚ್ಲಿಲ್ಲ ಅಂತಾರ," ಎಂದ.

ನನ್ನ ಹೆಂಡತಿ ಶಿವಮ್ಮ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಒಳಗಿನಿಂದ ಗೀತಾ ಬಂದಳು, ಕಣ್ಣು ಕೆಂಪಾಗಿತ್ತು.

"ಅಪ್ಪಾ, ನಿನ್ನ ಕುಂಡಿ ನೋವಿಗೆ ನನ್ನ ಮದುವಿ ಬಿಡ್ಬೇಕೇನು? ಇದ್ದದ್ದು ಇದ್ಹಾಂಗ ಅವ್ರಿಗೆ ಹೇಳು."

ನನಗೆ ನಾಚಿಕೆಯೂ ಸಂಕಟವೂ ಒಟ್ಟಿಗೆ ಬಂದವು. ಹೇಳಬಹುದು, ಆದರೆ ಏನೆಂದು ಹೇಳುವುದು? ಏನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಮರುದಿನವೇ ಡಾಕ್ಟರ ಬಳಿ ಹೋದೆ.

ಡಾಕ್ಟರು ಗೀತಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹೆಣ್ಣುಮಗಳು. ನಾನು ಕಣ್ಣು ಮುಚ್ಚಿಕೊಂಡೇ ಮಗ್ಗುಲಾಗಿ ಮಲಗಿದೆ. ಆಕೆ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, "ಇದಿ ಪೈಲ್ಸ್ ಕಾದಂಡಿ, ಪೈಲ್ಸ್ ಅಲ್ರಿ. ಫಿಸ್ಟುಲಾ. ಆಯುರ್ವೇದದಾಗ ಭಗಂದರ ಅಂತಾರ," ಎಂದು ಕಾಗದದ ಮೇಲೆ ಚಿತ್ರ ಬರೆದಳು. ಗುದದ್ವಾರದ ಒಳಗೆ ಸಣ್ಣ ಗ್ರಂಥಿಗಳಿವೆಯಂತೆ. ಅವುಗಳಲ್ಲೊಂದಕ್ಕೆ ಸೋಂಕು ತಗುಲಿ ಕೀವು ತುಂಬಿದರೆ, ಆ ಕೀವು ಮಾಂಸದ ನಡುವೆ ದಾರಿ ಮಾಡಿಕೊಂಡು ಹೊರಗೆ ಚರ್ಮಕ್ಕೆ ಬಂದು ಒಡೆಯುತ್ತದೆ. ಹೊರಬಾಯಿ ಮುಚ್ಚಿದರೂ ಒಳದಾರಿ ಹಾಗೇ ಉಳಿಯುತ್ತದೆ, ಮತ್ತೆ ತುಂಬುತ್ತದೆ.

ನನಗೆ ನಾಚಿಕೆ ಮರೆತೇಹೋಯಿತು. ನಮ್ಮ ಗೋದಾಮಿನ ಹೆಗ್ಗಣವೂ ಹೀಗೆಯೇ. ಹೊರಗಿನ ಬಿಲಕ್ಕೆ ಸಿಮೆಂಟು ಮೆತ್ತಿ ಗೆದ್ದೆನೆಂದು ಬೀಗುತ್ತೇನೆ, ಅದು ಪಕ್ಕದಲ್ಲೇ ಎದ್ದು ಬರುತ್ತದೆ. ನನ್ನ ಮುಲಾಮು ಆ ಸಿಮೆಂಟೇ.

"ಹಂಗಾದ್ರ ಅಗದು ತೆಗೀರಿ ಮೇಡಂ," ಎಂದೆ.

"ದಾರಿ ಮ್ಯಾಲೆ ಮ್ಯಾಲೆ ಇದ್ರ ಸೀಳಿಬಿಡ್ತೀವ್ರಿ, ತಳದಿಂದ ಮಾಯ್ತೈತಿ. ನಿಮ್ಮದು ಮಲ ಹಿಡಿಯೋ ಸ್ನಾಯುನೊಳಗ ಹಾಯ್ದೈತಿ. ಒಮ್ಮೆಲೇ ಸೀಳಿದ್ರ ಹಿಡಿತ ತಪ್ಪಬಹುದು. ಅದಕ್ಕ ಕ್ಷಾರಸೂತ್ರ."

ಸೂತ್ರವೆಂದರೆ ದಾರ. ಉತ್ತರಾಣಿ ಗಿಡದ ಕ್ಷಾರ ಲೇಪಿಸಿದ ದಾರವನ್ನು ಆ ದಾರಿಯಲ್ಲಿ ತೂರಿಸಿ ಕಟ್ಟುತ್ತಾರೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ಮೆಲ್ಲಗೆ ಕೊಯ್ಯುತ್ತ ಹೋಗುತ್ತದೆ, ಕೊಯ್ದ ಕಡೆ ಮಾಯುತ್ತ ಬರುತ್ತದೆ, ಪೂರ್ತಿ ಕೊಯ್ದ ದಿನ ದಾರ ತಾನಾಗಿಯೇ ಬೀಳುತ್ತದೆ. ದಾರವೆಂದ ಕೂಡಲೇ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ನಾನಂತೂ ಕೂರುವಂತಿರಲಿಲ್ಲ. "ನಮ್ಮ ಆದೋನಿ ಹತ್ತಿದೇನ್ರಿ?" ಎಂದು ಕೇಳಿದೆ. ಅಲ್ಲವಂತೆ, ಅಗಸೆ ನಾರಿನದಂತೆ, ಹತ್ತಿಗಿಂತ ಗಟ್ಟಿ. ಜೀವನವಿಡೀ ಹತ್ತಿಯನ್ನೇ ನಂಬಿದವನಿಗೆ ಸೂಜಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಸಂಜೆ ಬಸಪ್ಪನವರಿಗೆ ಫೋನ್ ಮಾಡಿದೆ. ಗ್ರಂಥಿ, ಹೆಗ್ಗಣ, ಒಳಬಾಯಿ, ಹೊರಬಾಯಿ, ದಾರ ಎಲ್ಲ ಹೇಳಿದೆ. ಸಂಬಂಧ ಹೋಯಿತೆಂದುಕೊಂಡೆ.

"ಅಷ್ಟೇ ಏನ್ರಿ?" ಎಂದರು ಬಸಪ್ಪನವರು. "ನಾವು ನಮ್ ಮನಿ ನಿಮಗ ಸಣ್ಣದಾತು ಅಂತ ತಿಳ್ದಿದ್ವಿ. ನಮ್ಮಾಕಿ ಅನ್ನ ಸೈತ ಸರಿಯಾಗಿ ಉಂಡಿಲ್ಲ. ಮೊದ್ಲ ಆರಾಮ್ ಆಗ್ರಿ. ನಿಮ್ ದಾರ ಬಿದ್ದ ಮ್ಯಾಲೇ ನಿಶ್ಚಯ ಇಟ್ಕೊಳ್ಳೋಣು."

ಹೀಗೆ ನನ್ನ ಮಗಳ ನಿಶ್ಚಯಕ್ಕೆ ಮುಹೂರ್ತವಿಟ್ಟದ್ದು ಪಂಚಾಂಗವಲ್ಲ. ವಾರವಾರವೂ ದಾರ ಬದಲಾಯಿತು, ಬಿಸಿನೀರಿನ ಬೋಗುಣಿಯಲ್ಲಿ ದಿನವೂ ಕೂತೆ. ಬಸಪ್ಪನವರು ಎರಡು ದಿನಕ್ಕೊಮ್ಮೆ ಫೋನ್ ಮಾಡಿ, "ಬಿತ್ತೇನ್ರಿ?" ಎಂದು ವಿಚಾರಿಸಿದರು. ಕೊನೆಗೊಂದು ದಿನ ಬಿತ್ತು. ಗಾಯ ಮಾಯ್ದ ಮೇಲೂ ಎಚ್ಚರವಿರಲಿ, ಮತ್ತೆ ಬರುವುದುಂಟು ಎಂದು ಡಾಕ್ಟರು ಹೇಳಿ ಕಳಿಸಿದಳು.

ನಿಶ್ಚಯದ ದಿನ ಆಸ್ಪರಿಯ ಆ ಮನೆ ತುಂಬ ಜನ. ಸುದ್ದಿ ಎಲ್ಲರಿಗೂ ಮುಟ್ಟಿತ್ತೆಂಬುದು ಅವರ ಕಣ್ಣು ನೆಟ್ಟಿದ್ದ ಜಾಗದಿಂದಲೇ ತಿಳಿಯಿತು. ನನಗಾಗಿ ಗಾದಿಯ ಮೇಲೆ ಗಾದಿ ಹಾಸಿದ್ದರು. "ಕುಂದರ್ರಿ, ಬೀಗರ," ಎಂದರು ಬಸಪ್ಪನವರು. ನಾನು ಕಾಲು ಮಡಚಿ, ಮೆಲ್ಲಗೆ, ಪೂರ್ತಿಯಾಗಿ ಕೂತೆ.

ಒಂದಿಷ್ಟೂ ನೋಯಲಿಲ್ಲ! ನನ್ನ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಕಂಡು ಬಸಪ್ಪನವರ ಹೆಂಡತಿಯೂ ಅತ್ತರು, ಶಿವಮ್ಮನೂ ಅತ್ತಳು. ಮಗಳ ಮೇಲೆ ಅಷ್ಟು ಪ್ರೀತಿಯಿರುವ ತಂದೆಯನ್ನು ಕಂಡಿಲ್ಲವೆಂದು ಬೀಗರ ಕಡೆಯವರು ಇವತ್ತಿಗೂ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಗೀತಾ ಮಾತ್ರ ನನ್ನನ್ನು ನೋಡಿ ತುಟಿ ಬಿಗಿದು ನಗುತ್ತಾಳೆ.