ಹೂಡಿಕೆದಾರರ ಬಳಗಕ್ಕೆ ‘ಕೆಳಮನೆ’ಯ ಬಿನ್ನಹ

ಬಾಡಿಗೆ ಮನೆಗಳ ಹೂಡಿಕೆದಾರರ ಪರಸ್ಪರ ಪಾಠ ಬಳಗದ ಅಧ್ಯಕ್ಷರಿಗೂ ಸಮಸ್ತ ಸದಸ್ಯರಿಗೂ, ಒಂದೇ ಒಂದು ಮನೆಯೂ ಇಲ್ಲದವಳ ಅನಂತ ವಂದನೆಗಳು.

ಮಾನ್ಯರೇ,

ತಮ್ಮ ಸ್ವಂತ ಮನೆಯಲ್ಲೂ, ಅದರ ಪಕ್ಕದ ತಮ್ಮದೇ ಮನೆಯಲ್ಲೂ, ಎದುರಿಗಿರುವ ಇನ್ನೊಂದರಲ್ಲೂ ಏಕಕಾಲಕ್ಕೆ ತಾವು ಕುಶಲವಾಗಿರುವಿರೆಂದು ನಂಬಿದ್ದೇನೆ. ತಮ್ಮ ಗ್ರೂಪಿನಲ್ಲಿ ‘ಕೆಳಮನೆ’ ಎಂಬ ಹೆಸರಿನಿಂದ ಆಗಾಗ ಅಮೂಲ್ಯ ಸಲಹೆಗಳನ್ನು ದಯಪಾಲಿಸುತ್ತಿರುವ ಅನುಭವಿ ಹೂಡಿಕೆದಾರರು ಯಾರೆಂದು ತಮ್ಮಲ್ಲಿ ಅನೇಕರು ತಲೆ ಕೆಡಿಸಿಕೊಂಡಿದ್ದೀರಿ. ಅದು ನಾನೇ, ಪರದೆ ಹೊಲಿಯುವವಳು. ಅನುಭವವೇನೋ ಉಂಟು, ಆದರೆ ನಾನು ಹೂಡಿಕೆದಾರಳಲ್ಲ, ಹೂಡಿಕೆ. ಇದು ಹೇಗಾಯಿತೆಂದು ಅರಿಕೆ ಮಾಡಿಕೊಳ್ಳುತ್ತೇನೆ.

ಪ್ರತಿಯೊಬ್ಬರೂ ತಮ್ಮ ಆಸ್ತಿಗಳನ್ನು ಗ್ರೂಪಿಗೆ ಸೇರಿಸಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ವಿವರ ಸೇರಿಸಿ ಎಂಬುದು ತಮ್ಮ ಇಂಗಿತ. ನಮ್ಮ ಮನೆಯ ಮಾಲೀಕರಾದ ಹಲ್ಲಿನ ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಮಾಡುವವರು. ಅವರ ಫೋನಿನಲ್ಲಿ ನನ್ನ ನಂಬರಿಗೆ ‘ಕೆಳಮನೆ’ ಎಂದಷ್ಟೇ ಹೆಸರಿರುವುದರಿಂದ ನನ್ನನ್ನೇ ಸೇರಿಸಿಬಿಟ್ಟರು. ಹೆಸರು ಹಿಡಿಸಿತು, ನಾನೂ ಅದನ್ನೇ ಇಟ್ಟುಕೊಂಡೆ. ಮುಂದೆ ‘ಕೆಳಮನೆ’ ಮಾತಾಡತೊಡಗಿದಾಗಲೂ ಅದು ಯಾರ ನಂಬರೆಂದು ಅವರು ನೋಡಲಿಲ್ಲ. ನಲ್ಲಿ ಸೋರುತ್ತಿದೆಯೆಂದು ನಾನು ಫೋನು ಮಾಡಿದಾಗಲೂ ಅವರು ನೋಡುವುದಿಲ್ಲವಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಅಡುಗೆಮನೆಗೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿದರೆ ಅದರ ಆಚೆಗಿನದು ‘ಎರಡನೇ ಮಲಗುವ ಕೋಣೆ’ ಎಂದೂ, ಕಿಟಕಿಯಿಲ್ಲದಿದ್ದರೆ ‘ಖಾಸಗಿತನ’ ಎಂದೂ, ಗೋಡೆ ಒದ್ದೆಯಾಗಿದ್ದರೆ ‘ಸದಾ ತಂಪು’ ಎಂದೂ ತಾವು ಹೊಸಬರಿಗೆ ಎಷ್ಟು ತಾಳ್ಮೆಯಿಂದ ತಿಳಿಹೇಳಿದಿರಿ! ಊರವರ ಕಿಟಕಿಗಳಿಗೆಲ್ಲ ಪರದೆ ಹಾಕುವ ನನಗೆ ಮುಚ್ಚಿಡುವ ಕಲೆ ಚೂರುಪಾರು ಗೊತ್ತೆಂಬ ಜಂಬವಿತ್ತು. ಅದು ಜರ್ರೆಂದು ಇಳಿದುಹೋಯಿತು.

ಹೀಗಿರಲು ಒಂದು ಬೆಳಗ್ಗೆ ಡಾಕ್ಟರು ತಮ್ಮೆಲ್ಲರ ಮುಂದೆ ಗೋಳು ತೋಡಿಕೊಂಡರು: “ಹಳೇ ಬಾಡಿಗೆದಾರರು. ಟೈಮಿಗೆ ಸರಿಯಾಗಿ ಕೊಡ್ತಾರೆ, ಗಲಾಟೆ ಇಲ್ಲ, ಒಂದು ಕಾರಣಾನೂ ಸಿಗ್ತಿಲ್ಲ. ಹೇಗೆ ಎಬ್ಬಿಸೋದು?” ತಮ್ಮ ಸದಸ್ಯ ಕಂಟ್ರಾಕ್ಟರೊಬ್ಬರು, “ನೀರು ಕಮ್ಮಿ ಮಾಡಿ ಸಾರ್, ತಾವಾಗೇ ದಾರಿಗೆ ಬರ್ತಾರೆ,” ಎಂದರು. ನಿವೃತ್ತ ಮೇಷ್ಟ್ರೊಬ್ಬರು, “ಮೇಲ್ಗಡೆ ಡ್ರಿಲ್ಲಿಂಗ್ ಶುರು ಮಾಡಿಸಿ. ಏನೂ ಕಟ್ಟೋದು ಬೇಡ, ಸುಮ್ನೆ ಕೊರೀತಾ ಇರಿ,” ಎಂದು ಬರೆದರು. ಅದನ್ನು ಓದುವಾಗ ನಮ್ಮತ್ತೆ ಪಕ್ಕದಲ್ಲೇ ಕೂತು ಪರದೆಗೆ ಬಳೆ ಪೋಣಿಸಿಕೊಡುತ್ತಿದ್ದರು. ಮೆಟ್ಟಿಲು ಕಂಡರೆ ಅವರ ಮಂಡಿ ಮುಷ್ಕರ ಹೂಡುತ್ತದೆ. ನೆಲಮಹಡಿ ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯನ್ನು ನುಂಗಿಕೊಂಡು ಸಲಹೆ ಕೊಟ್ಟೆ: “ನನ್ನ ಅನುಭವದಲ್ಲಿ, ಮೊದ್ಲು ಬಚ್ಚಲು ರಿಪೇರಿ ಮಾಡಿಸಿ. ಓನರ್ ಒಳ್ಳೆಯವರು ಅನ್ನಿಸಿದ್ರೆ ಬಾಡಿಗೆದಾರರು ಹಟ ಹಿಡಿಯಲ್ಲ.” ತಾವೆಲ್ಲ ಹೆಬ್ಬೆರಳೆತ್ತಿದಿರಿ. ವರ್ಷಗಟ್ಟಲೆ ಕಾಡಿ ಬೇಡಿದರೂ ಬಾರದ ಪ್ಲಂಬರ್ ಓಡೋಡಿ ಬಂದ. ಆಸೆ ಹೆಚ್ಚಿ, ಸೋರುವ ಚಾವಣಿಯ ರಿಪೇರಿಯನ್ನೂ ಕಕ್ಕಸಿನ ಗೋಡೆಗೊಂದು ಹಿಡಿಕೆಯನ್ನೂ ಸೂಚಿಸಿದೆ. ಅದೂ ಆಯಿತು. ದುರಾಸೆಯಲ್ಲಿ ತಮ್ಮ ಮೊದಲನೇ ಪಾಠವನ್ನೇ ಮರೆತಿದ್ದೆ: ಮನೆ ಚೆನ್ನಾದರೆ ಬೆಲೆ ಏರುತ್ತದೆ. ಹಲ್ಲು ಕೀಳುವ ಮುನ್ನ “ಸ್ವಲ್ಪಾನೂ ನೋಯಲ್ಲ” ಎನ್ನುವ ದನಿಯಲ್ಲೇ ಡಾಕ್ಟರು ಬಂದು ಹೇಳಿದರು: “ಈಗ ಮನೆ ಚೆನ್ನಾಗಾಯ್ತಲ್ಲಮ್ಮ, ಇನ್ಮೇಲೆ ಇದು ನಿಮಗೆ ಹೊಂದಲ್ಲ.” ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಬೇಕಂತೆ.

ಆದಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಆಸ್ತಿಗಳ ಪೈಕಿ ಹೂಡಿಕೆಯ ಪಾಠವನ್ನು ಪೂರ್ತಿ ಕಲಿತದ್ದು ನಾನೊಬ್ಬಳೇ ಆದ್ದರಿಂದ ಕಟ್ಟುಹಾಕಿದ ಪ್ರಶಸ್ತಿಪತ್ರವೊಂದನ್ನು ನೀಡಬೇಕು. ಅದನ್ನು ತಗುಲಿಹಾಕಲು ಒಂದು ಗೋಡೆಯನ್ನೂ ಒದಗಿಸಬೇಕು. ಅದಾಗದಿದ್ದರೆ, ಬಹುಕಾಲದಿಂದ ಒಂದೇ ಮೂಲೆಯಲ್ಲಿ ಕೂತಿರುವ ನಮ್ಮತ್ತೆಯನ್ನು ಗೋಡೆಗೆ ಜೋಡಿಸಿದ ಪೀಠೋಪಕರಣವೆಂದು ಪರಿಗಣಿಸಿ ಮನೆಯ ಜೊತೆಗೇ ಉಳಿಸಿಕೊಳ್ಳಲು ಡಾಕ್ಟರಿಗೆ ಶಿಫಾರಸು ಮಾಡಬೇಕು. ಪೀಠೋಪಕರಣಕ್ಕೆ ಎರಡು ಹೊತ್ತು ಊಟ ಮತ್ತು ಒಂದಿಷ್ಟು ಮಾತು ಬೇಕಾಗುತ್ತದೆ. ಒಳಗೆ ಮನುಷ್ಯರಿದ್ದಾರೆಂಬ ಸಣ್ಣ ಲೋಪವನ್ನು ಜಾಹೀರಾತಿನಲ್ಲಿ ಯಾವ ಚೆಂದದ ಮಾತಿನಿಂದ ಕರೆಯಬೇಕೆಂಬುದನ್ನು ಮುಂದಿನ ಭಾನುವಾರದ ಪಾಠದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಕೆಳಮನೆ

ವಿ.ಸೂ.: ಮೊನ್ನೆ ತಮ್ಮ ಸದಸ್ಯೆ, ಔಷಧಿ ಅಂಗಡಿಯಾಕೆ, “ನೆಲಮಹಡಿ ಖಾಲಿ ಇದೆ, ಪರದೆ ಹೊಲಿಯೋರೊಬ್ರು ಕೇಳ್ಕೊಂಡು ಬಂದಿದ್ರು, ವಯಸ್ಸಾದ ಅತ್ತೆ ಇದಾರಂತೆ, ಕೊಡಬಹುದಾ?” ಎಂದು ವಿಚಾರಿಸಿದ್ದು ತಮಗೆ ನೆನಪಿರಬಹುದು. “ಕಣ್ಮುಚ್ಚಿ ಕೊಡಿ. ಇಂಥವರು ಸಿಗೋದು ಕಷ್ಟ, ನಡುವೆ ಎಬ್ಬಿಸಲ್ಲ ಅಂತ ನೀವೇ ಬರ್ಕೊಟ್ಟು ಹಿಡಿದಿಟ್ಕೊಳ್ಳಿ,” ಎಂದು ಉತ್ತರ ಬರೆದದ್ದು ‘ಕೆಳಮನೆ’, ಮೊದಲು ಹೆಬ್ಬೆರಳೆತ್ತಿದವರು ಅಧ್ಯಕ್ಷರಾದ ತಾವು. ಕರಾರಿಗೆ ನಿನ್ನೆ ಸಹಿ ಬಿತ್ತು. ಅದಕ್ಕೇ ಈ ಪತ್ರ ಇವತ್ತು.