ಮಾವನ ಹದಿನಾಲ್ಕನೆಯ ಸೂಚನೆ

1986ರ ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ನನ್ನ ಸೋದರಮಾವ ತಮ್ಮ ಶಾಲೆಯ ಪಾಲಕರಿಗೆ ಹದಿನಾಲ್ಕು ಲಿಖಿತ ಸೂಚನೆಗಳನ್ನು ಹೊರಡಿಸಿದರು. ಪಾಲಕರಲ್ಲಿ ಓದಲು ಬರುತ್ತಿದ್ದವರು ಮೂವರು. ಆ ಮೂವರಲ್ಲಿ ಒಬ್ಬ ಕನ್ನಡಕ ಕಳೆದುಕೊಂಡಿದ್ದ.

ಇಂಥ ಮನುಷ್ಯ ಜಗತ್ತಿನಲ್ಲಿ ಇನ್ನೊಬ್ಬ ಇರಲಾರ ಎಂದು ನಾನು ಹೇಳುವುದಿಲ್ಲ. ಇದ್ದರೆ ಆತನಿಗೂ ಒಬ್ಬ ಅಳಿಯ ಇರಬೇಕು, ಆ ಅಳಿಯನ ಬೆರಳುಗಳೂ ನನ್ನವುಗಳಂತೆ ಕಾರ್ಬನ್ ಹತ್ತಿ ನೀಲಿಯಾಗಿರಬೇಕು ಎಂದಷ್ಟೇ ಹೇಳಬಲ್ಲೆ.

ಮಾವ ಮಸ್ಕಿ ಮತ್ತು ಲಿಂಗಸುಗೂರಿನ ನಡುವೆ, ಬಸ್ಸಿಳಿದು ಅರ್ಧ ತಾಸು ನಡೆಯಬೇಕಾದ ಒಂದು ಹಳ್ಳಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ನಾಲ್ಕನೆಯ ತರಗತಿಯವರೆಗಿನ ಶಾಲೆ. ಎರಡು ಕೋಣೆ, ಒಂದು ಜಗುಲಿ, ಇಬ್ಬರು ಮಾಸ್ತರರು. ಅತ್ತೆ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಸಿಂಧನೂರಿನಲ್ಲಿದ್ದುಕೊಂಡು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ವಾರಕ್ಕೆ ಸಿಗುತ್ತಿದ್ದ ಒಂದೇ ರಜೆಯ ದಿನ, ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ, ಮಾವನ ಜಗುಲಿಯ ಮೇಲೆ ಕೂತು ಸೂಚನೆ ನಕಲು ಮಾಡುತ್ತಿದ್ದೆ.

ಏನಿರುತ್ತಿತ್ತು ಆ ಸೂಚನೆಗಳಲ್ಲಿ? ಬಿಸಿಲೇರಿದ ಕಾರಣ ಸೋಮವಾರದಿಂದ ಮುಂಜಾನೆ ಶಾಲೆ, ಏಳೂವರೆಗೆ ಗಂಟೆ. ಓಕುಳಿಯ ಬಣ್ಣ ಕಿವಿಯ ಹಿಂದೆ ಉಳಿದಿರಬಾರದು. ಮಧ್ಯಾಹ್ನ ಬಾವಿಗೆ ಹಾರುವವರ ಅಂಗಿ ಜಪ್ತು ಮಾಡಲಾಗುವುದು. ಯುಗಾದಿಯ ಹೊಸ ಬಟ್ಟೆಯನ್ನು ಪರೀಕ್ಷೆಗೆಂದು ಎತ್ತಿಡದೆ ಹಬ್ಬದ ದಿನವೇ ಉಡಿಸತಕ್ಕದ್ದು. ಒಂಬತ್ತನೆಯ ಸೂಚನೆ ಉಗುರು ಕತ್ತರಿಸುವ ಬಗ್ಗೆ. ಹತ್ತನೆಯದೂ ಉಗುರಿನ ಬಗ್ಗೆಯೇ, ಏಕೆಂದರೆ ಒಂಬತ್ತನೆಯದನ್ನು ಯಾರೂ ನೆನಪಿಡುವುದಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು.

ಹದಿನಾಲ್ಕನೆಯದು ಮಾತ್ರ ಬೇರೆ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಮಕ್ಕಳನ್ನು ಕೊಯ್ಲಿಗೆ ಕರೆದೊಯ್ಯಕೂಡದು.

ಯುಗಾದಿ ಮುಗಿಯುತ್ತಲೇ ಆ ಹಳ್ಳಿಯ ಅರ್ಧ ಜನ ಗಂಟು ಕಟ್ಟಿಕೊಂಡು ಸಿಂಧನೂರಿನ ಕಡೆ, ಕಾಲುವೆ ನೀರಿನ ಊರುಗಳಿಗೆ, ನೆಲ್ಲು ಕೊಯ್ಯಲು ಹೋಗುತ್ತಿದ್ದರು. ಜೊತೆಗೆ ಮಕ್ಕಳು. ಪರೀಕ್ಷೆ ಬರೆಯದೆ ಹೋದ ನಾಲ್ಕನೆಯ ತರಗತಿಯ ಮಗು ಐದನೆಯದಕ್ಕೆ ಮಸ್ಕಿಯ ಶಾಲೆಗೆ ಸೇರುವಂತಿರಲಿಲ್ಲ. ಮತ್ತೊಂದು ವರ್ಷ ನಾಲ್ಕರಲ್ಲೇ ಕೂರಲು ಯಾವ ಮಗುವೂ ತಿರುಗಿ ಬರುತ್ತಿರಲಿಲ್ಲ. ಅಲ್ಲಿಗೆ ಅದರ ಓದು ಮುಗಿಯಿತು. ಮಾವನ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷ ನಾಲ್ಕೈದು ಹೆಸರು ಹೀಗೆ ನಿಂತುಹೋಗುತ್ತಿದ್ದವು.

“ಇದೊಂದನ್ನ ಬರದ್ರ ಸಾಕಲ್ಲ ಮಾವ, ಉಳಿದ ಹದಿಮೂರು ಯಾಕ?” ಎಂದು ನಾನೊಮ್ಮೆ ಕೇಳಿದ್ದೆ.

“ಹದಿಮೂರು ಕೇಳಿ ಕೇಳಿ ರೂಢಿ ಆದ್ರ, ಹದಿನಾಕನೇದೂ ಕೇಳ್ತಾರಲೇ” ಎಂದರು.

ಕೇಳಲಿಲ್ಲ. ಆ ವರ್ಷವೂ ಇಲ್ಲ, ಅದರ ಮರುವರ್ಷವೂ ಇಲ್ಲ.

ಸೂಚನೆಯ ತಯಾರಿಕೆಯ ಬಗ್ಗೆ ಎರಡು ಮಾತು. ಐದು ಹಾಳೆ, ನಡುವೆ ನಾಲ್ಕು ಕಾರ್ಬನ್, ಮೇಲೆ ನನ್ನ ಬಾಲ್‌ಪೆನ್ನು. ನಲವತ್ತು ಮನೆ, ಮನೆಗೆ ಹದಿನಾಲ್ಕು ಕಾಗದ. ಗುಣಾಕಾರ ನೀವೇ ಮಾಡಿಕೊಳ್ಳಿ, ನನಗೆ ಈಗಲೂ ದಣಿವಾಗುತ್ತದೆ! ಮೇಲಿನ ಹಾಳೆ ಸ್ಪಷ್ಟವಾಗಿರುತ್ತಿತ್ತು, ಐದನೆಯದು ಮಬ್ಬು. ಓದಲು ಬಾರದವರಿಗೆ ಮಬ್ಬಾದರೇನು, ಸ್ಪಷ್ಟವಾದರೇನು ಎಂದು ನಾನು ಭಾವಿಸಿದ್ದೆ. ಒಂದು ದಿನ ಊರಾಚೆಯ ಓಣಿಯ ಹೆಂಗಸೊಬ್ಬಳು ಬಂದು ಕಾಗದವನ್ನು ಮಾವನ ಮೇಜಿನ ಮೇಲಿಟ್ಟಳು. “ಪ್ರತಿ ಸಲ ನಮ್ಮ ಓಣಿಗೇ ಯಾಕ್ರಿ ಈ ಸಪ್ಪನ ಕಾಗದ?” ಎಂದಳು. ಮಾವ ಅಂದೇ ಒಂದು ಸರದಿ ಪಟ್ಟಿ ಮಾಡಿ, ಐದನೆಯ ಪ್ರತಿ ಓಣಿಯಿಂದ ಓಣಿಗೆ ತಿರುಗುವಂತೆ ಬರೆದರು. ಗೌಡರ ಮನೆಗೆ ಮಬ್ಬು ಕಾಗದ ಹೋದ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ.

ಕೊಟ್ಟರೆ ಮುಗಿಯಿತೆ? ಓದುವವರು ಯಾರು? ಹಾಗಾಗಿ ಸಂಜೆ ಮಾವ ಮನೆಮನೆಗೆ ಹೋಗಿ, ತಾವೇ ಕೊಟ್ಟ ಕಾಗದವನ್ನು ತಾವೇ ಇಸಿದುಕೊಂಡು, ಗಂಟಲು ಸರಿಮಾಡಿಕೊಂಡು ಓದಿ, ಮಡಚಿ ವಾಪಸು ಕೊಡುತ್ತಿದ್ದರು. ಹಾಗಿದ್ದ ಮೇಲೆ ಬರೆಯುವುದೇಕೆ ಎಂಬುದು ನನ್ನ ಪ್ರಶ್ನೆ.

“ಬಾಯಿಮಾತಿಗೆ ಶಿಕ್ಕಾ ಹ್ಯಾಂಗ ಹೊಡೀಲಿ?” ಎಂದರು.

ಶಾಲೆಯ ದುಂಡು ಮೊಹರು ಪ್ರತಿ ಕಾಗದದ ಕೆಳಗೂ ಬೀಳಬೇಕು. ಮೊಹರಿಗೆ ಆ ಕಡೆ ಇರುವ ಮರ್ಯಾದೆ ಸಣ್ಣದಲ್ಲ. ಜನ ಸೂಚನೆಗಳನ್ನು ರೇಷನ್ ಕಾರ್ಡಿನ ಜೊತೆ ಇಟ್ಟರು. ಮುದುಕನೊಬ್ಬ ಗುರುಗುಂಟಾದ ಮಗಳ ಮನೆಗೆ ಹೊರಟವನು ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ ರುಮಾಲಿನಿಂದ ಒಂದು ಸೂಚನೆ ತೆಗೆದು ತೋರಿಸಿದ. ಕಂಡಕ್ಟರ್ ಪೂರ್ತಿ ಓದಿ, “ಅಜ್ಜಾ, ಇದರಾಗ ಉಗುರು ಕತ್ತರಿಸಿಕೋ ಅಂತ ಬರದೈತಿ” ಎಂದನಂತೆ. ಅಜ್ಜ ಎರಡೂ ಕೈ ಮುಂದೆ ಚಾಚಿದ. ಉಗುರು ನೀಟಾಗಿ ಕತ್ತರಿಸಿದ್ದವು. ಆದರೂ ಕಂಡಕ್ಟರ್ ಟಿಕೆಟ್ ಹರಿದ.

ಮನೆಯವರಿಗೂ ವಿನಾಯಿತಿ ಇರಲಿಲ್ಲ. ನನ್ನ ಮದುವೆಯ ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುಂಚೆ ತಿದ್ದಲು ಮಾವನ ಕೈಗೆ ಕೊಟ್ಟದ್ದು ನಮ್ಮ ಅವ್ವನ ತಪ್ಪು. ತಮ್ಮಂದಿರ ಮೇಲೆ ಅಕ್ಕಂದಿರಿಗೆ ಅಂಥ ನಂಬಿಕೆ ಇರುತ್ತದೆ. ಪತ್ರಿಕೆ ಅಚ್ಚಾಗಿ ಬಂದಾಗ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: “ಮಕ್ಕಳನ್ನು ಕರೆತರುವವರು ಕುಡಿಯುವ ನೀರಿನ ಬಗ್ಗೆ ತಾವೇ ಎಚ್ಚರ ವಹಿಸತಕ್ಕದ್ದು.” ಬೀಗರು ಅದನ್ನು ಹದಿನೈದು ದಿನ ಮರೆಯಲಿಲ್ಲ.

1991ರ ಯುಗಾದಿ ಮುಗಿದ ಮೇಲೆ ಮಾವ ಸಿಂಧನೂರಿಗೆ, ನನ್ನ ಕೋಣೆಗೆ ಬಂದರು. ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತು. ನಾಲ್ಕನೆಯ ತರಗತಿಯ ಹನ್ನೊಂದು ಮಕ್ಕಳಲ್ಲಿ ನಾಲ್ವರು ಹೋಗಿದ್ದಾರೆ ಎಂದರು. ಅವರಲ್ಲಿ ಹುಲಿಗೆಮ್ಮ ಎಂಬ ಹುಡುಗಿಯೂ ಒಬ್ಬಳು. ಲೆಕ್ಕದಲ್ಲಿ ಅವಳ ಸರಿಸಮ ಯಾರೂ ಇಲ್ಲ. ಸೋಮವಾರ ಪರೀಕ್ಷೆ. ಅವಳ ತಂದೆತಾಯಿ ದಢೇಸುಗೂರಿನಲ್ಲಿದ್ದಾರೆ ಎಂದು ಗೊತ್ತಾಗಿದೆ, ಉಳಿದ ಮೂವರು ಎಲ್ಲಿದ್ದಾರೋ ಪತ್ತೆಯಿಲ್ಲ.

“ಮೂವತ್ತು ವರ್ಷ ಆತಪಾ, ಇದನ್ನೇ ಬರದು ಬರದು ಸಾಕಾಗೇತಿ” ಎಂದರು. ಆಮೇಲೆ, “ಬಸ್ ಎಷ್ಟಕ್ಕೈತಿ?” ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಹೋದೆವು. ಕಾಲುವೆ ದಾಟಿ, ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆದೆವು. ಹುಲಿಗೆಮ್ಮ ಬೇವಿನ ಗಿಡದ ನೆರಳಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಒಂದೂವರೆ ವರ್ಷದ ಕೂಸು. ಮಾಸ್ತರರನ್ನು ಕಂಡದ್ದೇ ಅವಳು ಕೂಸಿನ ಸಮೇತ ಕೈ ಕಟ್ಟಲು ನೋಡಿದಳು. ತಂದೆ ದೂರದ ಗದ್ದೆಯ ಮಡಿಯಲ್ಲಿದ್ದ. ತಾಯಿ ಕುಡುಗೋಲು ಹಿಡಿದೇ ಬಂದಳು.

ಮಾವ ಏನು ಮಾಡಿದರು? ಜೇಬಿನಿಂದ ಹದಿನಾಲ್ಕನೆಯ ಸೂಚನೆ ತೆಗೆದರು, ಗಂಟಲು ಸರಿಮಾಡಿಕೊಂಡರು, ಗದ್ದೆಯ ನಡುವೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಕೊಯ್ಯುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ಕೇಳಿದರು. ಅವರಿಗೂ ಸ್ವಲ್ಪ ವಿಶ್ರಾಂತಿ ಬೇಕಿತ್ತು.

“ಊರಾಗೂ ಕೇಳಿದ್ನಿರಿ ಮಾಸ್ತರ” ಎಂದಳು ತಾಯಿ. “ಎಲ್ಲಾ ಬರದೀರಿ. ಕೂಸಿಂದು ಏನೂ ಬರದಿಲ್ಲಲ್ರಿ.”

“ಕೂಸಿಂದೇನವಾ?”

“ನಾ ಕೊಯ್ಯಾಕ ನಿಂತ್ರ ಇವನ್ನ ಹಿಡಿಯಾಕಿ ಇಕೀನ. ಇಕಿ ಪರೀಕ್ಷಾಕ್ಕ ಬಂದ್ರ ಕೂಸು ಯಾರ ಕೈಯಾಗ ಕೊಡ್ಲಿ? ಊರಾಗ ನಮ್ಮತ್ತಿ ಅದಾಳ, ಕಣ್ಣು ಕಾಣಂಗಿಲ್ಲ. ಇವ ಓಡಾಡೋ ಕೂಸು.”

ಮಾವ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು. ಓದಲು ಏನೂ ಇಲ್ಲದೆ ಅವರು ಒಬ್ಬ ಪಾಲಕರ ಮುಂದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

“ಕೂಸನ್ನೂ ಕೊಡು” ಎಂದರು.

“ಯಾರ ಕೈಯಾಗ್ರಿ?”

“ನನ್ನ ಕೈಯಾಗ.”

ಹೆಂಗಸರು ನಕ್ಕರು. ಮನೆಯಲ್ಲಿ ತೊಟ್ಟಿಲೇ ಕಟ್ಟದ ಮಾಸ್ತರು ಕೂಸು ಹಿಡಿಯುತ್ತಾರಂತೆ ಎಂದು ಒಬ್ಬಳು ಇನ್ನೊಬ್ಬಳಿಗೆ ಕೇಳುವಂತೆಯೇ ಹೇಳಿದಳು. ತಾಯಿ ನಗಲಿಲ್ಲ. ಮಗಳ ಮುಖ ನೋಡಿದಳು. ಹುಲಿಗೆಮ್ಮ ನೆಲ ನೋಡುತ್ತಿದ್ದಳು. ತಾಯಿ ಕುಡುಗೋಲು ಕೆಳಗಿಟ್ಟು, ಕೂಸನ್ನು ತಾನೇ ಎತ್ತಿ ಮಾವನ ತೋಳಿಗೆ ಕೊಟ್ಟಳು. ಕೊಟ್ಟು, ಒಂದೊಂದೇ ಹೇಳತೊಡಗಿದಳು. ಗಂಜಿ ಆರಿಸಿ ಕುಡಿಸಬೇಕು. ಮಣ್ಣು ತಿನ್ನುತ್ತಾನೆ, ಕೈ ನೋಡುತ್ತಿರಬೇಕು. ಇರುವೆ ಇರುವಲ್ಲಿ ಮಲಗಿಸಬಾರದು. ಅತ್ತರೆ ಗದರಿಸಬಾರದು, ಹೊರಗೆ ತಿರುಗಾಡಿಸಬೇಕು. ಮಾವ ಕೂಸನ್ನು ನನ್ನ ಕೈಗೆ ದಾಟಿಸಿ, ಪೆನ್ನು ತೆಗೆದು, ಸೂಚನೆಯ ಹಿಂಬದಿಯಲ್ಲಿ ಅಷ್ಟನ್ನೂ ಸಂಖ್ಯೆ ಹಾಕಿ ಬರೆದುಕೊಂಡರು. ಐದಾದವು. ಅವಳಿಗೆ ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿದರು. ಸರಿ ಇದೆ ಎಂದಳು.

ಸಿಂಧನೂರಿನಿಂದ ಮಸ್ಕಿಯವರೆಗೆ ಕೂಸು ಮಾವನ ಭುಜದ ಮೇಲೆ ಮಲಗಿತ್ತು. ಮಾವ ಅಷ್ಟು ದೂರವೂ ಕತ್ತು ತಿರುಗಿಸಲಿಲ್ಲ. ಕಂಡಕ್ಟರ್ ಮೊಮ್ಮಗನೇ ಎಂದು ವಿಚಾರಿಸಿದ. ಮಾವ ಮುಂದೆ ನೋಡುತ್ತಲೇ, “ಪಾಲಕರ ಪೈಕಿ” ಎಂದರು.

ಪರೀಕ್ಷೆ ಮೂರು ದಿನ. ಹುಲಿಗೆಮ್ಮ ಅಜ್ಜಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಏಳಕ್ಕೇ ತಮ್ಮನನ್ನು ತಂದು ಒಪ್ಪಿಸುತ್ತಿದ್ದಳು. ನಾನು ರಜೆ ಹಾಕಿ ಮೂರೂ ದಿನ ಅಲ್ಲಿಯೇ ಇದ್ದೆ. ಆದ್ದರಿಂದ ಇದು ಕೇಳಿದ ಸುದ್ದಿಯಲ್ಲ. ಮೊದಲ ದಿನ ಕೂಸು ಎರಡು ತಾಸು ಅತ್ತಿತು. ಮಾವ ಅದನ್ನು ಎತ್ತಿಕೊಂಡು ಜಗುಲಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತ, ಪ್ರತಿ ಸುತ್ತಿಗೊಮ್ಮೆ ಬಾಗಿಲಲ್ಲಿ ನಿಂತು ನಕಲು ಮಾಡುವವರನ್ನು ಗದರಿಸುತ್ತಿದ್ದರು. ಮಾವನ ಗದರಿಕೆಗೆ ಕೂಸು ಇನ್ನಷ್ಟು ಅಳುತ್ತಿತ್ತು. ಎರಡನೆಯ ದಿನ ಅದು ಒಂದು ಸೀಮೆಸುಣ್ಣ ಮುಗಿಸಿತು. ಕೂಸಿಗೂ ಒಂದು ಸೂಚನೆ ಹೊರಡಿಸಿರಿ ಸರ ಎಂದು ಸಹಶಿಕ್ಷಕರು ತಮಾಷೆ ಮಾಡಿದರು.

“ಹೊರಡಿಸೀನಿ” ಎಂದರು ಮಾವ. “ಕೇಳವಲ್ದು.”

ಮೂರನೆಯ ದಿನ ಲೆಕ್ಕದ ಪತ್ರಿಕೆ. ಕಿಟಕಿಯಿಂದ ನೋಡಿದೆ. ಹುಲಿಗೆಮ್ಮ ತಲೆ ಎತ್ತದೆ ಬರೆಯುತ್ತಿದ್ದಳು. ಹೊರಗೆ ತಮ್ಮ ಅತ್ತಾಗ ಅವಳ ಕೈ ನಿಲ್ಲುತ್ತಿತ್ತು, ಮಾವನ ಹೆಜ್ಜೆಯ ಸಪ್ಪಳ ಶುರುವಾದ ಮೇಲೆ ಮತ್ತೆ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮಾವ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಕೂಸು ಅವರ ಹೊಟ್ಟೆಯ ಮೇಲೆ ನಿದ್ದೆ ಹೋಗಿತ್ತು. ಗಂಟೆ ಹೊಡೆಯುವ ಸಮಯ ದಾಟಿತ್ತು. ಎದ್ದು ಬಾರಿಸಲೇ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಮಾವ ಬೇಡವೆಂದು ಕೈಯಾಡಿಸಿದರು. ಆ ದಿನ ಹುಡುಗರಿಗೆ ಲೆಕ್ಕ ಬಿಡಿಸಲು ಹತ್ತು ನಿಮಿಷ ಹೆಚ್ಚು ಸಿಕ್ಕಿತು.

ಹುಲಿಗೆಮ್ಮ ಪಾಸಾದಳು. ಜೂನ್‌ನಲ್ಲಿ ಮಸ್ಕಿಯಲ್ಲಿ ಐದನೆಯ ತರಗತಿಗೆ ಹೆಸರು ಹಚ್ಚಿದಳು.

1992ರ ಮಾರ್ಚ್‌ನಲ್ಲಿ ನಾನು ನಕಲು ಮಾಡಿದ ಹದಿನಾಲ್ಕನೆಯ ಸೂಚನೆಯಲ್ಲಿ ಹೊಸದಾಗಿ ಎರಡು ವಾಕ್ಯಗಳಿದ್ದವು: “ಪರೀಕ್ಷೆಗೆ ಬರುವ ಮಕ್ಕಳು ಮನೆಯ ಕೂಸುಗಳನ್ನು ಕರೆತರಬಹುದು. ನೋಡಿಕೊಳ್ಳಲಾಗುವುದು.” ಕೆಳಗೆ ದುಂಡು ಮೊಹರು.

ಆ ವರ್ಷ ನಾಲ್ಕನೆಯ ತರಗತಿಯ ಪರೀಕ್ಷೆಗೆ ಗೈರುಹಾಜರಾದವನು ಒಬ್ಬ. ಜಗುಲಿಯ ಮೇಲೆ ಕೂಸುಗಳು ಏಳು.